ಪ್ರಸ್ಥಾನದ ಚೀಲ

ಜಲಜಕ್ಕನ ಬಲಗಾಲು ಒಂದು ಕಡೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಮನೆಯಲ್ಲಿ ಟಿವಿ ಮುಂದೆ ಕೂತಾಗ, ಸಿಡ್ನಿಯ ಪ್ಯಾರಮಟ್ಟಾಕ್ಕೆ ಹೋಗುವ ಟ್ರೇನಿನಲ್ಲಿ, ದೇವಸ್ಥಾನದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಗಳಾರತಿಗೆ ಕಾಯುವಾಗ, ಎಲ್ಲೆಂದರಲ್ಲಿ ಆ ಪಾದ ನೆಲವನ್ನು ಒತ್ತುತ್ತಿತ್ತು. ಧಾರಾವಾಹಿಯ ಸೊಸೆ ದುಡುಕಿ ಏನೋ ಹೇಳಲು ಬಾಯಿ ತೆರೆದರೆ ಸಾಕು, ಟೂಂಗಾಬಿಯ ತಮ್ಮ ಫ್ಲ್ಯಾಟಿನಲ್ಲಿ ಜಲಜಕ್ಕ ಬ್ರೇಕ್ ಹಾಕುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ ನನ್ನ ಗಂಡ ಗಿರೀಶ ಮಾರ್ಟ್‌ಗೇಜಿನ ವಿಷಯ ಎತ್ತಿ ಉದ್ದಕ್ಕೆ ಎಳೆಯುತ್ತಿದ್ದ. ಮೇಜಿನ ಕೆಳಗೆ ಕಾಲು ಟಪ್ ಟಪ್ ಎಂದದ್ದು ನನಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ.

ಅವರು ಡ್ರೈವಿಂಗ್ ಕಲಿಸುವವರು. ಹತ್ತೊಂಬತ್ತು ವರ್ಷ ಸಿಡ್ನಿಯ ಪಶ್ಚಿಮದ ಸಬರ್ಬುಗಳಲ್ಲಿ ಅದನ್ನೇ ಮಾಡಿದರು. ಈ ದೇಶದಲ್ಲೂ ನಮ್ಮೂರಿನ ಹಾಗೆ ಸ್ಟೀರಿಂಗ್ ಬಲಗಡೆ ಇರುವುದರಿಂದ ಕಲಿಸುವವರು ಕೂರುವುದು ಎಡಗಡೆ. ಅವರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತದೆ, ಅಷ್ಟೇ. ಆಕ್ಸಿಲರೇಟರ್ ಇಲ್ಲ, ಸ್ಟೀರಿಂಗ್ ಇಲ್ಲ. "ಇಲ್ಲಿಯ ಕನ್ನಡದವರು ಅರ್ಧ ಜನ ಇನ್ನೂ ಉಸಿರಾಡುದು ಈ ಕಾಲಿನ ಪುಣ್ಯದಲ್ಲಿ" ಎಂದು ಅವರು ಸ್ಪೋರ್ಟ್ಸ್ ಶೂ ಹಾಕಿದ ಬಲಗಾಲನ್ನು ಎತ್ತಿ ತೋರಿಸುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕುಳ್ಳಗಿನ ಹೆಂಗಸು. ಕಾಟನ್ ಚೂಡಿದಾರ್, ಕುತ್ತಿಗೆಗೆ ತೂಗುಬಿಟ್ಟ ಎರಡು ಕನ್ನಡಕ, ಬಿಗಿಯಾಗಿ ಹೆಣೆದ ಜಡೆ. ಮನೆಮಾತು ತುಳು, ಊರು ಕಾರ್ಕಳದ ಹತ್ತಿರ. ಅಪ್ಪ ಕಾರ್ಕಳದಿಂದ ಮಂಗಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರಂತೆ. ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಅಕ್ಷತಾ ಹೈಸ್ಕೂಲಿನಲ್ಲಿರುವಾಗ ಗಂಡ ತೀರಿಕೊಂಡು, ಆಮೇಲೆ ಹಿಡಿದದ್ದು ಈ ಕಸುಬು. ನೆಂಟರೆಲ್ಲ ಇದೆಂಥ ಕೆಲಸ ಎಂದು ಮೂಗು ಮುರಿದರೆ, "ಬಸ್ ಡ್ರೈವರನ ಮಗಳು ವೀಣೆ ಕಲಿಸ್ತಾಳಾ?" ಎಂದು ಕೇಳಿದ್ದರಂತೆ.

ನಾನು ಅವರ ಕೈಗೆ ಸಿಕ್ಕಾಗ ನನಗೆ ಮೂವತ್ತಮೂರು. ಮೈಸೂರಿನಲ್ಲಿ ಸ್ಕೂಟರ್ ಓಡಿಸಿದ ಧೈರ್ಯ ಸಿಡ್ನಿಯಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಪ್ಯಾರಮಟ್ಟಾದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಇಡೀ ದಿನ ಯಾವುದು ಎಲ್ಲಿ ಕೆಡಬಹುದು ಎಂದು ಯೋಚಿಸುವುದಕ್ಕೇ ಅವರು ಸಂಬಳ ಕೊಡುತ್ತಾರೆ. ಅದೇ ತಲೆಯನ್ನು ರಸ್ತೆಗೆ ತಂದರೆ ಕಾರು ಮುಂದಕ್ಕೆ ಹೋಗುವುದೇ ಇಲ್ಲ. ಎರಡು ಸಲ ಟೆಸ್ಟ್ ಫೇಲಾಗಿ, ಪರೀಕ್ಷಕ ಸರಿಯಿಲ್ಲ, ರಸ್ತೆ ಸರಿಯಿಲ್ಲ ಎಂದು ದೂರುತ್ತ ಕೂತಿದ್ದೆ. ಜಲಜಕ್ಕ ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು, "ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಬಾ, ನೆಲ ತೋರಿಸ್ತೇನೆ" ಎಂದು ಸೀದಾ ಕ್ವೇಕರ್ಸ್ ಹಿಲ್‌ನ ಒಂದು ರೌಂಡಬೌಟಿಗೆ ಕರೆದುಕೊಂಡು ಹೋದರು.

ರೌಂಡಬೌಟ್, ಅಂದರೆ ಸಿಗ್ನಲ್ ಇಲ್ಲದ ವೃತ್ತ, ನನಗೆ ಹೆದರಿಕೆಯ ಜಾಗ. ನಾಲ್ಕು ಕಡೆಯಿಂದ ಕಾರುಗಳು, ಯಾರು ಮೊದಲು, ಯಾರು ಆಮೇಲೆ, ಎಂದೂ ತಿಳಿದದ್ದಿಲ್ಲ.

"ಎಂತ ಹೆದರುದು ಪೂರ್ಣಿ? ನೀನು ದೇವಸ್ಥಾನಕ್ಕೆ ಹೋಗುದಿಲ್ವಾ?" ಎಂದು ಕೇಳಿದರು.

"ಹೋಗ್ತೀನಿ."

"ಪ್ರದಕ್ಷಿಣೆ ಬರುವಾಗ ದೇವರು ಯಾವ ಕೈಗೆ?"

"ಬಲಗೈಗೆ."

"ಹಾಂ. ಇದೂ ಅದೇ. ನಡುವಲ್ಲಿ ದೇವರು, ಬಲಕ್ಕೆ ಇಟ್ಟುಕೊಂಡು ಸುತ್ತು. ಬಲಗಡೆಯಿಂದ ಬರುವವನು ದೇವರ ಹತ್ರದಿಂದ ಬರುವವನು, ಅವನಿಗೆ ಮೊದಲು ದಾರಿ ಬಿಡು. ಮುಗೀತು."

ಮುಗಿಯಲಿಲ್ಲ. ಹೊರಗೆ ಹೋಗುವ ದಾರಿ ಬಂದರೂ ಹೋಗಲು ಬಿಡದೆ, "ಇನ್ನೊಂದು ಸುತ್ತು" ಎನ್ನುತ್ತ ಏಳು ಸುತ್ತು ಸುತ್ತಿಸಿದರು. ಐದನೆಯ ಸುತ್ತಿಗೆ ಸ್ಟೀರಿಂಗ್ ಮೇಲಿನ ನನ್ನ ಹಿಡಿತ ಸಡಿಲವಾಯಿತು. ಏಳನೆಯದಕ್ಕೆ ನಗು ಬಂತು. "ಹೆದರಿಕೆ ಅಂದ್ರೆ ಇಷ್ಟೇ ಮಾರಾಯ್ತಿ. ಅದಕ್ಕೆ ತಲೆತಿರುಗುವ ತನಕ ಸುತ್ತಬೇಕು" ಎಂದರು. ಮೂರನೆಯ ಸಲ ಪಾಸಾದೆ. ಆ ದಿನದಿಂದ ನಾನು ಅವರ ಮನೆಗೆ ಹೋಗಿ ಬರುವವಳಾದೆ.

ಅವರ ಊಟದ ಮೇಜಿನ ಮೇಲೆ ಊಟ ಮಾಡುವಂತಿರಲಿಲ್ಲ. ಇಡೀ ಮೇಜಿಗೆ ಯುರೋಪಿನ ನಕ್ಷೆ ಹಾಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ದಾರಿ ಎಳೆದಿದ್ದರು. ನಾವು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರುದೋಸೆ ತಿನ್ನಬೇಕಿತ್ತು. ಪೋರ್ಚುಗಲ್, ಸ್ಪೇನ್, ಫ್ರಾನ್ಸ್, ಇಟಲಿ, ಆಸ್ಟ್ರಿಯಾ, ಜರ್ಮನಿ, ನೆದರ್ಲೆಂಡ್ಸ್. ಏಳು ದೇಶ, ಒಂದೊಂದಕ್ಕೆ ಏಳೇಳು ದಿನ, ಒಂದೇ ಬಾಡಿಗೆ ಕಾರು. ಪ್ರತಿ ವಾರ ದಾರಿ ಬದಲಾಗುತ್ತಿತ್ತು. ಒದ್ದೆ ಬಟ್ಟೆಯಿಂದ ಉಜ್ಜುವುದು, ಮತ್ತೆ ಎಳೆಯುವುದು. ಈ ಘಾಟಿ ಬೇಡ, ಮೇ ತಿಂಗಳಲ್ಲೂ ಅಲ್ಲಿ ಮಂಜು ಇರಬಹುದು. ಈ ಊರು ಬೇಡ, ಒಳಗೆ ಕಾರು ಬಿಡುವುದಿಲ್ಲವಂತೆ. ಕೂತಲ್ಲಿ ಕೂರಲಾರರು. ದೋಸೆ ಹುಯ್ಯುತ್ತ ಹುಯ್ಯುತ್ತ ಸಟ್ಟುಗ ಹಿಡಿದೇ ಬಂದು ಇಟಲಿಯಲ್ಲಿ ಒಂದು ಗೆರೆ ಅಳಿಸಿ ಹೋಗುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವರು ಎನ್ನುತ್ತಾರಲ್ಲ, ಅವರ ಚಕ್ರ ಮನೆಯೊಳಗೇ ತಿರುಗುತ್ತಿತ್ತು.

"ಎಲ್ಲಾ ಬಿಟ್ಟು ಯುರೋಪೇ ಯಾಕೆ ಜಲಜಕ್ಕ? ಈ ದೇಶದಲ್ಲಿ ರಸ್ತೆಗೆ ಬರವಾ?" ಎಂದು ಒಂದು ದಿನ ಕೇಳಿದೆ.

ಅವರು ಸಟ್ಟುಗ ಕೆಳಗಿಟ್ಟರು. "ಅಲ್ಲಿ ಗಾಡಿ ಹೋಗುದು ರಸ್ತೆಯ ಬಲಗಡೆ. ಸ್ಟೀರಿಂಗ್ ಇರುದು ಎಡಗಡೆ. ಅಂದ್ರೆ ನನ್ನ ಸೀಟಿಗೆ. ಗೊತ್ತಾಯ್ತಾ? ಇಷ್ಟು ವರ್ಷ ಎಡಗಡೆ ಕೂತು ಬರೀ ಬ್ರೇಕ್ ಒತ್ತಿದ್ದೇನೆ ಮಾರಾಯ್ತಿ. ಬೇರೆಯವರು ಹೋಗುದನ್ನು ನಿಲ್ಲಿಸುದೇ ನನ್ನ ಕೆಲಸ. ಒಂದು ಸಲ ಆ ಸೀಟಿನಲ್ಲಿ ಕೂತು ನಾನೇ ಹೋಗಬೇಕು."

ನಾನು ನಕ್ಕೆ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದೆ.

ಒಬ್ಬರೇ ಅಷ್ಟು ದೂರ ಓಡಿಸಲಾಗುವುದಿಲ್ಲ, ಜೊತೆಗೆ ಎರಡನೆಯ ಡ್ರೈವರ್ ಬೇಕು. ಮಗಳು ಅಕ್ಷತಾ ಮೆಲ್ಬರ್ನಿನಲ್ಲಿ, ಅವಳಿಗೆ ಸಣ್ಣ ಮಗು. ಉಳಿದವರನ್ನು ಜಲಜಕ್ಕ ನಂಬುವುದಿಲ್ಲ. "ನಾನು ಕಲಿಸಿದವರ ಪಕ್ಕ ಕೂತರೆ ಮಾತ್ರ ನಂಗೆ ನಿದ್ದೆ ಬರುದು" ಎಂದು ನನ್ನ ಕಡೆ ನೋಡಿದರು. "ಬರ್ತೀನಿ ಬಿಡಿ" ಎಂದುಬಿಟ್ಟೆ. ಎಲ್ಲರೂ ಎಲ್ಲರಿಗೂ ಹೇಳುತ್ತಾರಲ್ಲ, ಒಮ್ಮೆ ಹೋಗೋಣ, ಮನೆಗೆ ಬನ್ನಿ, ಸಿಗೋಣ ಎಂದು, ಹಾಗೆ ಹೇಳಿದ್ದೆ. ಆದರೆ ಜಲಜಕ್ಕ ಮಾತನ್ನು ಮಾತೆಂದೇ ತಿಳಿಯುವ ಜನ. ಮಾರನೆಯ ಶನಿವಾರದಿಂದಲೇ ನನಗೆ ತರಬೇತಿ ಶುರುವಾಯಿತು.

ತರಬೇತಿ ನಡೆದದ್ದು ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ. ಸಾಮಾನಿನ ಟ್ರಾಲಿಯೇ ಕಾರು. ಬೇಳೆಗಳ ಸಾಲಿನಲ್ಲಿ ಟ್ರಾಲಿಯನ್ನು ಬಲಕ್ಕೇ ಇಟ್ಟುಕೊಂಡು ಹೋಗಬೇಕು. ಎದುರಿಗೆ ಬರುವ ಪಂಜಾಬಿ ಆಂಟಿಯರು ಡಿಕ್ಕಿ ಹೊಡೆದು ಹಿಂದಿಯಲ್ಲಿ ಬೈದರೆ "ಸಾರಿ ಜೀ" ಎನ್ನಬೇಕು. ಅಂಗಡಿಯ ನಡುವೆ ಪೇರಿಸಿಟ್ಟ ಅಕ್ಕಿ ಮೂಟೆಗಳೇ ರೌಂಡಬೌಟು. ಅದನ್ನು ಇಲ್ಲಿಯ ಹಾಗಲ್ಲ, ಉಲ್ಟಾ ಸುತ್ತಬೇಕು.

"ಇದು ಅಪ್ರದಕ್ಷಿಣೆ ಆಯ್ತಲ್ಲ ಜಲಜಕ್ಕ, ಪಾಪ ಬರಲ್ವಾ?" ಎಂದೆ.

"ದೇವರಿದ್ದರೆ ಪಾಪ. ಇದರಲ್ಲಿ ಇರುದು ಸೋನಾ ಮಸೂರಿ. ಸುತ್ತು" ಎಂದರು.

ಒಂದು ಸಲ ಅಂಗಡಿಯ ಮಾಲೀಕ ಬಂದು, ಅಮ್ಮಾ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಜಲಜಕ್ಕ ಮುಖ ಗಂಟು ಹಾಕಿಕೊಂಡು, "ಫ್ರಾನ್ಸ್‌ಗೆ ಹೋಗುವ ಎಕ್ಸಿಟ್" ಎಂದರು. ಆತ ಹಪ್ಪಳದ ಕಡೆ ಕೈ ತೋರಿಸಿದ.

ವೀಸಾ ಅರ್ಜಿ ತುಂಬಿದ್ದು ಇನ್ನೊಂದು ಕಥೆ. ಜಲಜಕ್ಕ ಇನ್ನೂ ಇಂಡಿಯಾದ ಪಾಸ್‌ಪೋರ್ಟಿನವರು. ಏಳು ದೇಶಕ್ಕೂ ಒಂದೇ ವೀಸಾ, ಅರ್ಜಿಯಲ್ಲಿ ಮುಖ್ಯವಾಗಿ ಯಾವ ದೇಶಕ್ಕೆ ಹೋಗುತ್ತೀರಿ ಎಂಬ ಪ್ರಶ್ನೆ. ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶದವರಲ್ಲಿ ವೀಸಾ ಕೇಳಬೇಕು. ಇವರ ಲೆಕ್ಕದಲ್ಲಿ ಎಲ್ಲ ದೇಶಕ್ಕೂ ಸರಿಸಮ. ಫ್ರಾನ್ಸಿಗೆ ಎರಡು ದಿನ ಜಾಸ್ತಿ ಕೊಡಿ, ತಾಪತ್ರಯ ಇರುವುದಿಲ್ಲ ಎಂದು ನಾನು ಹೇಳಿದರೆ ಕೇಳಲಿಲ್ಲ. "ಏಳು ಜನರಿಗೆ ಬಡಿಸುವಾಗ ಒಬ್ಬನ ಎಲೆಗೆ ಮಾತ್ರ ಎರಡು ಹೋಳಿಗೆ ಹಾಕಿದ್ರೆ ಪಂಕ್ತಿಭೇದ ಅಲ್ವಾ?" ಎಂದರು. ಕೊನೆಗೆ ದಿನ ಸಮವಾಗಿದ್ದರೆ ಮೊದಲು ಕಾಲಿಡುವ ದೇಶದವರಲ್ಲಿ ಕೇಳಬಹುದು ಎಂದು ಗಿರೀಶ ಓದಿ ಹೇಳಿದ ಮೇಲೆ ಪೋರ್ಚುಗಲ್ ಎಂದು ಬರೆದರು. ಬರೆದು, ಉಳಿದ ಆರು ದೇಶಗಳ ಪರವಾಗಿ ಒಂದು ನಿಟ್ಟುಸಿರು ಬಿಟ್ಟರು.

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು. ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ ಒಂದು ದಿನ ನಾನು ಹೋದಾಗ ಜಲಜಕ್ಕ ನಕ್ಷೆಯ ಮುಂದೆ ಸುಮ್ಮನೆ ಕೂತಿದ್ದರು. ಅವರ ಕಾಲು ಅಲ್ಲಾಡುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಗಾಬರಿಯಾಯಿತು.

"ಕಣ್ಣಿನ ಡಾಕ್ಟ್ರು ಗ್ಲಾಕೋಮಾ ಅಂದ್ರು. ನೇರ ಕಾಣ್ತದೆ, ಬದಿ ಹೋಗ್ತಾ ಉಂಟು. ಹಗಲು ಓಡಿಸಬಹುದು. ಸೆಪ್ಟೆಂಬರಲ್ಲಿ ಮತ್ತೆ ಟೆಸ್ಟ್. ಅದರಲ್ಲಿ ಲೈಸೆನ್ಸ್ ಉಳಿಯುದು ಕಷ್ಟ ಅಂತ ಹೇಳಿದ್ರು" ಎಂದು ತಮ್ಮದಲ್ಲದ ವಿಷಯದಂತೆ ಹೇಳಿದರು.

ಕಲಿಸುವುದನ್ನು ಅದೇ ದಿನ ಬಿಟ್ಟಿದ್ದರು. ಕಾರಿನ ತಲೆಯ ಮೇಲಿನ ಬೋರ್ಡನ್ನು ಬಿಚ್ಚಿ ಬಾಲ್ಕನಿಯಲ್ಲಿ ಇಟ್ಟಿದ್ದರು. ಆಮೇಲೆ ನನ್ನ ಕೈ ಹಿಡಿದು, "ಪೂರ್ಣಿ, ಮೇ ತಿಂಗಳಲ್ಲಿ ಹೋಗುವ. ಪೋರ್ಚುಗಲಲ್ಲಿ ಖಾಲಿ ರಸ್ತೆ ಉಂಟು, ಅಲ್ಲಿ ನಾನು ಓಡಿಸ್ತೇನೆ. ಊರೊಳಗೆಲ್ಲ ನೀನು. ಇದೊಂದು ಮೇ ಬಿಟ್ಟರೆ ನಂಗೆ ಮತ್ತೆ ಇಲ್ಲ" ಎಂದರು. ಅವರು ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೊಂದೇ ಸಲ. ನಾನು ಹೂಂ ಎಂದೆ. ಮನಸ್ಸಿನಿಂದಲೇ ಎಂದೆ.

ಟಿಕೆಟ್ ಬುಕ್ ಆಯಿತು. ವೀಸಾ ಬಂತು. ಹೊರಡುವ ದಿನ ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ಏಳು ದೇಶ ಸುತ್ತುವ ಹೆಂಗಸು ಇದಕ್ಕೆಲ್ಲ ಹೆದರುತ್ತಾರೆಯೇ ಎಂದುಕೊಂಡಿದ್ದೆ. ಹೆದರಲಿಲ್ಲ, ಉಪಾಯ ಮಾಡಿದರು. ಹತ್ತೊಂಬತ್ತು ದಿನ ಮುಂಚೆ ಒಂದು ಗುರುವಾರ ಬೆಳಿಗ್ಗೆ ನಮ್ಮ ಮನೆಯ ಬೆಲ್ ಒತ್ತಿದರು. ಕೈಯಲ್ಲಿ ಒಂದು ನೀಲಿ ಚೀಲ.

"ಪ್ರಸ್ಥಾನ ಇಡ್ಲಿಕ್ಕೆ ಬಂದೆ. ನನ್ನ ಅಪ್ಪ ಬಸ್ಸಿನಲ್ಲಿ ತೀರ್ಥಯಾತ್ರೆಗೆ ಜನ ಕರಕೊಂಡು ಹೋಗುವಾಗ ದಿನ ಸರಿ ಇಲ್ಲದಿದ್ದರೆ ಹೀಗೇ ಮಾಡ್ತಿದ್ದರು. ಒಳ್ಳೆ ದಿನ ನೋಡಿ ಚೀಲವನ್ನು ಪಕ್ಕದ ಮನೆಯಲ್ಲಿ ಇಡುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಹೊರಡುವ ದಿನ ದಾರಿಯಲ್ಲಿ ಎತ್ತಿಕೊಳ್ಳುದು" ಎಂದರು.

ಮೈಸೂರಿನಲ್ಲಿ ನನ್ನ ಅಜ್ಜಿಯೂ ಇದನ್ನು ಮಾಡುತ್ತಿದ್ದಳು. ಆದರೆ ನಾವಿರುವ ಕ್ವೇಕರ್ಸ್ ಹಿಲ್‌ನಲ್ಲಿ ಇದು ನಡೆಯುತ್ತದೆಂದು ಯಾರಿಗೆ ಗೊತ್ತು? "ಸರಿ, ಇಲ್ಲೇ ಇಡಿ" ಎಂದು ಶೂ ರ್‍ಯಾಕಿನ ಪಕ್ಕ ಜಾಗ ಮಾಡಿದೆ.

"ಒಂದು ನೆನಪಿಟ್ಟುಕೋ. ಪ್ರಸ್ಥಾನ ಇಟ್ಟ ಚೀಲ ತಿರುಗಿ ಮನೆಗೆ ಬರಬಾರದು. ಮುಂದಕ್ಕೇ ಹೋಗಬೇಕು" ಎಂದು ಹೇಳಿ, ಕಾಫಿ ಕೂಡ ಕುಡಿಯದೆ ಹೋದರು. ಅವರ ಪ್ರಕಾರ ಅವರು ಆಗಲೇ ಹೊರಟಾಗಿತ್ತು.

ಈಗ ನನ್ನ ವಿಷಯ ಹೇಳಬೇಕು. ಹೇಳಲು ನಾಲಿಗೆ ಹೊರಳುವುದಿಲ್ಲ, ಆದರೂ ಹೇಳುತ್ತೇನೆ. ಆ ಗುರುವಾರದವರೆಗೂ ನಾನು ಆಫೀಸಿನಲ್ಲಿ ಲೀವ್ ಕೇಳಿರಲಿಲ್ಲ. ಇವತ್ತು ಹಾಕುತ್ತೇನೆ, ನಾಳೆ ಹಾಕುತ್ತೇನೆ ಎಂದು ಮೀನ ಮೇಷ ಎಣಿಸುತ್ತಿದ್ದೆ. ಜಲಜಕ್ಕ ಕೇಳಿದಾಗಲೆಲ್ಲ "ಎಲ್ಲಾ ಆಯ್ತು" ಎನ್ನುತ್ತಿದ್ದೆ. ಚೀಲ ಮನೆಯೊಳಗೆ ಬಂದು ಕೂತ ಮೇಲೆ ನಿಜವಾದ ಹೆದರಿಕೆ ಶುರುವಾಯಿತು. ಕಣ್ಣು ಮುಚ್ಚಿದರೆ ಎದುರಿನಿಂದ ಲಾರಿ. ಅರ್ಧ ದೃಷ್ಟಿಯ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೊತ್ತಿಲ್ಲದ ದೇಶದಲ್ಲಿ, ತಪ್ಪು ಕಡೆಯಲ್ಲಿ, ನಲವತ್ತೊಂಬತ್ತು ದಿನ! ಗಂಡ, ಮಗಳನ್ನು ಬಿಟ್ಟು ನಾಲ್ಕು ದಿನ ಇದ್ದವಳಲ್ಲ ನಾನು. ಚೀಲದ ಮುಂದೆ ಹಾದುಹೋಗುವಾಗಲೆಲ್ಲ ಅದು ಹೊರಡು ಹೊರಡು ಎಂದು ಚುಚ್ಚಿದಂತಾಗುತ್ತಿತ್ತು. ನನ್ನ ಮನೆಯಲ್ಲೇ ನನಗೆ ನಿಲ್ಲಲಾಗದು, ಕೂರಲಾಗದು.

ಹೊರಡಲು ಹತ್ತು ದಿನ ಇರುವಾಗ ಟೂಂಗಾಬಿಗೆ ಹೋಗಿ, ಅವರ ನಕ್ಷೆಯ ಮೇಲೆ ಕಣ್ಣಿಟ್ಟುಕೊಂಡು ಹೇಳಿದೆ. "ಲೀವ್ ಕ್ಯಾನ್ಸಲ್ ಮಾಡಿದ್ರು ಜಲಜಕ್ಕ. ಪ್ರಾಜೆಕ್ಟ್ ಮುಂದಕ್ಕೆ ಹೋಗಿದೆ. ಏನ್ ಮಾಡೋಕೂ ಆಗ್ಲಿಲ್ಲ."

ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. "ಹೌದಾ" ಎಂದರು. "ಕೆಲಸ ಅಂದ ಮೇಲೆ ಹಾಗೇ ಅಲ್ವಾ. ನೀನು ಮಂಡೆಬಿಸಿ ಮಾಡಿಕೊಳ್ಳಬೇಡ." ಒಳಗೆ ಹೋಗಿ ನನಗೆ ನೀರುದೋಸೆ ಹುಯ್ದು ತಂದರು. ನಾಲ್ಕು ದೋಸೆ ತಿಂದೆ.

ಟಿಕೆಟ್ ರದ್ದಾಯಿತು. ಸೆಪ್ಟೆಂಬರಿನಲ್ಲಿ ಅವರ ಲೈಸೆನ್ಸ್ ಹೋಯಿತು. ಡಿಸೆಂಬರಿನಲ್ಲಿ ಅಕ್ಷತಾ ಬಂದು ಅಮ್ಮನನ್ನು ಮೆಲ್ಬರ್ನಿಗೆ ಕರೆದುಕೊಂಡು ಹೋದಳು. ಸಾಮಾನು ಕಟ್ಟುವ ದಿನ ನೀಲಿ ಚೀಲವನ್ನು ಕೊಡಲು ಹೋದೆ. ಜಲಜಕ್ಕ ಮುಟ್ಟಲಿಲ್ಲ. "ಅದು ಹೊರಟಾಗಿದೆಯಲ್ಲ, ತಿರುಗಿ ಹೇಗೆ ತಕೊಳ್ಳುದು? ನಿನ್ನಲ್ಲೇ ಇರಲಿ" ಎಂದರು. ಶೂ ರ್‍ಯಾಕಿನಿಂದ ಅದನ್ನು ಬಟ್ಟೆಯ ಕಪಾಟಿಗೆ ಸಾಗಿಸಿದೆ, ಅಲ್ಲಿಂದ ಗರಾಜಿಗೆ, ಗರಾಜಿನಿಂದ ಮತ್ತೆ ಶೂ ರ್‍ಯಾಕಿಗೆ. ಎಲ್ಲಿಟ್ಟರೂ ಅದು ಸರಿಯಾದ ಜಾಗ ಎನಿಸಲಿಲ್ಲ. "ಅದೇನು ಆ ಚೀಲದ ಜೊತೆ ನಿನ್ನ ಗುದ್ದಾಟ?" ಎಂದು ಗಿರೀಶ ಕೇಳಿದ. ಅವನಿಗೂ ನಾನು ನಿಜ ಹೇಳಿರಲಿಲ್ಲ.

ಕಳೆದ ಏಪ್ರಿಲ್‌ನ ಉದ್ದ ವೀಕೆಂಡಿನಲ್ಲಿ, ಮಗಳಿಗೆ ಟ್ಯೂಷನ್, ಗಿರೀಶನಿಗೆ ಕ್ರಿಕೆಟ್ ಎಂದಾದಾಗ, ನಾನು ಒಬ್ಬಳೇ ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಮೆಲ್ಬರ್ನಿಗೆ ಹೊರಟೆ. ಒಂಬತ್ತು ಗಂಟೆಯ ದಾರಿ. ಅಷ್ಟು ದೂರ ಒಬ್ಬಳೇ ಓಡಿಸಿದ್ದು ಅದೇ ಮೊದಲು. ಗಂಡೆಗೈ ಎಂಬ ಊರು ದಾಟುವ ತನಕ ಹೇಗೆ ಹೇಳುವುದು ಎಂದು ಯೋಚಿಸಿದೆ. ಆಲ್ಬರಿ ದಾಟಿದ ಮೇಲೆ ಹೇಳದೇ ಇರುವುದು ಹೇಗೆ ಎಂದು ಯೋಚಿಸಿದೆ.

ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಅಕ್ಷತಾಳ ಮನೆಯ ಮುಂದೆ ಜಲಜಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಳಿದುಹೋಗಿದ್ದರು. ಮುಖವನ್ನು ಪೂರ್ತಿ ತಿರುಗಿಸಿ ನನ್ನನ್ನು ಹುಡುಕಿ, ಆಮೇಲೆ ನಕ್ಕರು. ಬಲಗಾಲು ಮಾತ್ರ ಸಿಮೆಂಟಿನ ನೆಲವನ್ನು ಒತ್ತುತ್ತಲೇ ಇತ್ತು.

"ಎಲ್ಲಿ ನಿಲ್ಲಿಸಿದೆ? ಎಷ್ಟು ಸಲ ನಿಲ್ಲಿಸಿದೆ? ಎರಡು ಗಂಟೆಗೊಮ್ಮೆ ಇಳಿದಿಯಾ?" ಎಂದು ಪರೀಕ್ಷೆ ಮಾಡಿದರು. ಚೀಲ ತಂದಿದ್ದೇನೆ ಎಂದೆ. "ಇಳಿಸಬೇಡ. ಇದೂ ನಾನಿರುವ ಮನೆಯೇ ಅಲ್ವಾ" ಎಂದರು. ಅಕ್ಷತಾ ಮಗುವಿಗೆ ಸ್ನಾನ ಮಾಡಿಸಲು ಒಳಗೆ ಹೋದಳು. ನಾವಿಬ್ಬರೇ ಉಳಿದೆವು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕೇಳಿದರು.

"ನೀನು ಆಗ ಲೀವ್ ಕೇಳಿರ್ಲೇ ಇಲ್ಲ ಅಲ್ವಾ?"

"ಇಲ್ಲ. ಕೇಳಿರ್ಲಿಲ್ಲ."

"ಗೊತ್ತಿತ್ತು. ಹೆದರಿದಾಗ ನೀನು ಕನ್ನಡಿ ನೋಡುದಿಲ್ಲ, ಸೀದಾ ಒಂದೇ ಕಡೆ ನೋಡ್ತಿ. ಆ ದಿನ ನಕ್ಷೆಯನ್ನು ಹಾಗೇ ನೋಡ್ತಿದ್ದೆ. ಹೆದರಿಕೆಯಾ?"

"ಹೌದು ಜಲಜಕ್ಕ. ತುಂಬಾ ಹೆದರಿದ್ದೆ."

"ಅದನ್ನೇ ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ್ತಿ. ಹೆದರಿಕೆಗೆ ನನ್ನ ಹತ್ರ ಮದ್ದು ಉಂಟು. ಸುಳ್ಳಿಗೆ ಇಲ್ಲ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಬಯ್ಯಲೂ ಇಲ್ಲ. ನನ್ನ ಅಳು ಮುಗಿಯುವ ತನಕ ಕಾದು, ಕೋಲು ಹಿಡಿದು ಎದ್ದು, "ಡಿಕ್ಕಿ ತೆಗೆ" ಎಂದರು. ನೀಲಿ ಚೀಲದ ಜಿಪ್ ಎಳೆದು ಒಳಗೆ ಕೈಯಾಡಿಸಿ ಎರಡು ಹಳದಿ ಫಲಕ ಹೊರಗೆ ತೆಗೆದರು. ಕಲಿಯುವವರು ಕಾರಿಗೆ ಅಂಟಿಸುವ 'ಎಲ್' ಫಲಕಗಳು. "ಅಲ್ಲಿ ನಾವಿಬ್ಬರೂ ಕಲಿಯುವವರೇ ಅಲ್ವಾ, ಒಂದೊಂದು ಇರಲಿ ಅಂತ ಇಟ್ಟಿದ್ದೆ" ಎಂದರು. ಒಂದನ್ನು ನನ್ನ ಕಾರಿನ ಮುಂದೆ ಅಂಟಿಸಲು ಹೇಳಿ, ಇನ್ನೊಂದನ್ನು ಒಳಗಿಟ್ಟು ಜಿಪ್ ಎಳೆದರು. ಆಮೇಲೆ ತಡಕಾಡುತ್ತ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು.

ಮನೆಯ ಹತ್ತಿರವೇ ಒಂದು ಸಣ್ಣ ರೌಂಡಬೌಟ್ ಇತ್ತು. ನಡುವೆ ಒಣಗಿದ ಹುಲ್ಲು, ಒಂದು ಗಿಡ. "ಸುತ್ತು" ಎಂದರು ಜಲಜಕ್ಕ.

"ಉಲ್ಟಾ ಸುತ್ತೋಕೆ ಆಗಲ್ವಲ್ಲ ಇಲ್ಲಿ?"

"ಪ್ರದಕ್ಷಿಣೆಯೇ ಸಾಕು."

ಸುತ್ತಿದೆ. ಮೊದಲ ಸುತ್ತಿಗೆ ಅವರು "ಪೋರ್ಚುಗಲ್" ಎಂದರು. ಎರಡನೆಯದಕ್ಕೆ "ಸ್ಪೇನ್". ಫ್ರಾನ್ಸಿನಲ್ಲಿ ನಾನು ಸ್ವಲ್ಪ ಜೋರು ಹೋದೆನೆಂದು ಅವರ ಕಾಲು ಇಲ್ಲದ ಬ್ರೇಕನ್ನು ಒತ್ತಿತು. ಇಟಲಿಯ ಹೊತ್ತಿಗೆ, ಮನೆಯ ಮುಂದೆ ಗಿಡಕ್ಕೆ ನೀರು ಬಿಡುತ್ತಿದ್ದ ಮುದುಕನೊಬ್ಬ ಪೈಪು ಹಿಡಿದುಕೊಂಡೇ ನಮ್ಮನ್ನು ನೋಡತೊಡಗಿದ. ನಲವತ್ತು ದಾಟಿದ ಹೆಂಗಸು 'ಎಲ್' ಫಲಕ ಹಾಕಿಕೊಂಡು ಎಕ್ಸಿಟ್ ಸಿಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡಿರಬೇಕು, ಹೆಬ್ಬೆರಳು ಎತ್ತಿ ಧೈರ್ಯ ಹೇಳಿದ. ಜಲಜಕ್ಕನಿಗೆ ಅವನು ಕಾಣಲಿಲ್ಲ. ನಾನು ಹೇಳಿದೆ. ಇಬ್ಬರೂ ನಕ್ಕೆವು. ಆಸ್ಟ್ರಿಯಾ, ಜರ್ಮನಿ, ನೆದರ್ಲೆಂಡ್ಸ್.

"ಸಾಕು, ಇಂಡಿಕೇಟರ್ ಹಾಕು" ಎಂದರು.

ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆಯೇ ನಾನು ಹೇಳಿದೆ. "ಜಲಜಕ್ಕ, ಈ ಸೆಪ್ಟೆಂಬರ್‌ನಲ್ಲಿ ಹೋಗೋಣ. ಪೂರ್ತಿ ನಾನೇ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಕಾಣದವಳು ಯುರೋಪ್ ನೋಡ್ಲಿಕ್ಕೆ ಬರಬೇಕಾ?" ಎಂದು ಮುಂದಿನ ಗಾಜಿನಾಚೆ ರಸ್ತೆಯ ಕಡೆ ನೋಡಿದರು. "ನೇರ ಇನ್ನೂ ಒಂಚೂರು ಕಾಣ್ತದೆ. ರಸ್ತೆ ನೇರವೇ ಅಲ್ವಾ ಇರುದು. ಬರ್ತೇನೆ. ಖಾಲಿ ರಸ್ತೆಯಲ್ಲಿ ನಿಲ್ಲಿಸಿ, ಆ ಎಡಗಡೆ ಸೀಟಿನಲ್ಲಿ ಒಮ್ಮೆ ಸ್ಟೀರಿಂಗ್ ಹಿಡಕೊಂಡು ಕೂರ್ತೇನೆ. ಅಷ್ಟು ಸಾಕು ನಂಗೆ." ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ, "ಮೊದ್ಲು ಲೀವ್ ಹಾಕು" ಎಂದರು.

"ಸೋಮವಾರ ಹಾಕ್ತೀನಿ."

"ಸೋಮವಾರ ರಜೆ. ಮಂಗಳವಾರ ಹಾಕು" ಎಂದು ನಕ್ಕು ಇಳಿದರು. ಮಾರನೆಯ ದಿನ ಹೊರಟು ರಸ್ತೆಯ ತಿರುವಿನಲ್ಲಿ ಕನ್ನಡಿ ನೋಡಿದಾಗ ಅವರು ಇನ್ನೂ ಮನೆಯ ಮುಂದೆ ನಿಂತು, ನಾನು ಹೋಗದ ದಿಕ್ಕಿಗೆ ಕೈ ಬೀಸುತ್ತಿದ್ದರು.

ಮಂಗಳವಾರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು. ಬುಧವಾರ ಮ್ಯಾನೇಜರ್ ಸಿಡುಕಿನಲ್ಲಿದ್ದ, ಇವತ್ತು ಬೇಡ ಎಂದುಕೊಂಡೆ. ಗುರುವಾರ ಮಗಳಿಗೆ ಜ್ವರ. ಏಳು ವಾರ ಕೇಳಿದರೆ ಏನೆಂದುಕೊಳ್ಳುತ್ತಾರೋ, ಮೊದಲು ಬಾಯಿಮಾತಿನಲ್ಲಿ ಹೇಳಿ ಆಮೇಲೆ ಹಾಕಿದರೆ ಹೇಗೆ, ಮುಂದಿನ ವಾರ ಹಾಕಿದರೆ ಹೇಗೆ? ನನ್ನ ಕುಂಟು ನೆಪಗಳಿಗೆ ನಾಲ್ಕು ಕಾಲು. ಮೂರನೆಯ ವಾರ, ಒಂದು ಶನಿವಾರ ಬೆಳಿಗ್ಗೆ ಅಕ್ಷತಾ ಫೋನ್ ಮಾಡಿದಳು. ಅಮ್ಮ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮನೆ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತಿದ್ದರಂತೆ. ಕಾಫಿ ತೆಗೆದುಕೊಂಡು ಹೋದಾಗ ತಲೆ ಒಂದು ಕಡೆ ವಾಲಿತ್ತಂತೆ. ಹಾರ್ಟ್ ಎಂದರಂತೆ ಡಾಕ್ಟರು.

"ಆಂಟಿ, ಅಮ್ಮ ನಿಮ್ಮ ಲೀವ್ ಬಗ್ಗೆ ಕೇಳ್ತಾನೇ ಇದ್ರು. ಪೂರ್ಣಿ ಫೋನ್ ಮಾಡಿದ್ಲಾ, ಮಾಡಿದ್ಲಾ ಅಂತ" ಎಂದಳು. ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು.

ಗಿರೀಶನೂ ನಾನೂ ಅಂತ್ಯಕ್ರಿಯೆಗೆ ಮೆಲ್ಬರ್ನಿಗೆ ಹೋಗಿ ಬಂದೆವು. ಚೀಲ ಏನು ಮಾಡಲಿ ಎಂದು ಕೇಳಿದಾಗ, "ನಿಮ್ಮ ಹತ್ರನೇ ಇರ್ಲಿ ಆಂಟಿ, ಅದು ಹಿಂದೆ ಬರಬಾರದು ಅಂತಿದ್ರು ಅಮ್ಮ" ಎಂದಳು ಅಕ್ಷತಾ. ಅದು ಈಗ ನಮ್ಮ ಬಾಗಿಲ ಪಕ್ಕದಲ್ಲೇ ಇದೆ.

ಆ ವಾರದ ಕೊನೆಗೆ ಆಫೀಸಿಗೆ ಹೋದವಳು ಮೊದಲು ಕಂಪ್ಯೂಟರ್ ತೆರೆದು ಲೀವ್ ಅರ್ಜಿ ತುಂಬಿದೆ. ಸೆಪ್ಟೆಂಬರ್, ನಲವತ್ತೊಂಬತ್ತು ದಿನ. ಕಾರಣ 'ಪ್ರಯಾಣ'. ಬಟನ್ ಒತ್ತಿ, ಕೂರಲಾರದೆ ಎದ್ದು ಕಾಫಿ ತರಲು ಹೋದೆ. ಕಪ್ ಹಿಡಿದು ವಾಪಸ್ ಬರುವಷ್ಟರಲ್ಲಿ ಉತ್ತರ ಬಂದಿತ್ತು. ರಜೆ ಮಂಜೂರಾಗಿತ್ತು. ಕೆಳಗೆ ಮ್ಯಾನೇಜರ್ ಒಂದು ಸಾಲು ಬರೆದಿದ್ದ, ಹೋಗಿ ಬಾ, ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು.

ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.